ಕ್ವಾರ್ಟ್ಜ್ ಕಟ್ಟೆ ಕೊಳ್ಳುವವರಿಗೆ 16 ಸೂತ್ರಗಳು

ಹಳೆಯ ಅಡುಗೆಮನೆಯನ್ನು ಹೊಸದು ಮಾಡಲು ಹೊರಟವರು ಅಂಗಡಿಗೆ ಹೋಗಿ ಮೊದಲು ಕೇಳುವುದು, "ಕ್ವಾರ್ಟ್ಜ್ ಚದರ ಅಡಿಗೆ ಎಷ್ಟು?" ಎಂದು. ಈ ಒಂದು ಪ್ರಶ್ನೆಯನ್ನೇ ನಂಬಿಕೊಂಡರೆ ದುಡ್ಡು ಉಳಿಯುವುದಿಲ್ಲ. ಚದರ ಅಡಿಯ ದರ ಕಡಿಮೆ ಹೇಳಿ, ಕಟಿಂಗ್, ಅಂಚಿನ ಪಾಲಿಶ್, ಸಿಂಕಿನ ರಂಧ್ರ, ಸಾಗಣೆ, ಕೂರಿಸುವ ಕೂಲಿ ಎಂದು ಆಮೇಲೆ ಒಂದೊಂದಾಗಿ ಸೇರಿಸುತ್ತ ಹೋಗುವುದು ಈ ವ್ಯಾಪಾರದಲ್ಲಿ ಮಾಮೂಲು. ಕಟ್ಟೆಯ ಒಟ್ಟು ಖರ್ಚನ್ನು ಏರಿಸುವುದೂ ಇಳಿಸುವುದೂ ಮುಖ್ಯವಾಗಿ ಅಳತೆ, ಬಣ್ಣ, ಅಂಚು ಮತ್ತು ಜಾಯಿಂಟ್‌ಗಳು. ಈ ನಾಲ್ಕರ ಬಗ್ಗೆ ಮನೆಯಲ್ಲೇ ಕೂತು ತೀರ್ಮಾನಿಸಿ ಹೋದವರಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕಟ್ಟೆ ಸಿಗುತ್ತದೆ.

1. ಕಪ್ಪು ಬೇಕಿದ್ದರೆ ಗ್ರಾನೈಟ್, ತಿಳಿಬಣ್ಣ ಬೇಕಿದ್ದರೆ ಕ್ವಾರ್ಟ್ಜ್

ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ನಮ್ಮ ನೆಲದ್ದೇ ಕಲ್ಲುಗಳು. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಕಲ್ಲಿನ ಯಾರ್ಡುಗಳು ಸಾಲುಸಾಲಾಗಿವೆ. ಹೀಗಿರುವಾಗ ಗ್ರಾನೈಟಿನ ದರ ವಿಚಾರಿಸದೆ ಕ್ವಾರ್ಟ್ಜ್ ಕೊಳ್ಳಬೇಡಿ. ಒಳ್ಳೆಯ ಕಪ್ಪು ಗ್ರಾನೈಟ್ ನೀರನ್ನು ಬಹಳ ಕಡಿಮೆ ಹೀರುತ್ತದೆ, ಬಿಸಿಗೆ ಹೆದರುವುದಿಲ್ಲ, ಎರಡು ತಲೆಮಾರು ಬಾಳುತ್ತದೆ. ಅದೇ ಕಪ್ಪು ಬಣ್ಣದ ಕ್ವಾರ್ಟ್ಜ್‌ಗೆ ಹೆಚ್ಚು ಹಣ ಕೊಡುವುದಕ್ಕೆ ನನಗೆ ಕಾರಣವೇ ಕಾಣುವುದಿಲ್ಲ.

ಕ್ವಾರ್ಟ್ಜ್‌ನ ನಿಜವಾದ ಲಾಭ ಇರುವುದು ತಿಳಿಬಣ್ಣಗಳಲ್ಲಿ. ಬಿಳಿ, ಕೆನೆ, ತಿಳಿಬೂದು ಬಣ್ಣದ ಗ್ರಾನೈಟುಗಳಲ್ಲಿ ಹಲವು ಎಣ್ಣೆ, ಅರಿಶಿನವನ್ನು ಹೀರಿಕೊಂಡು ಮಾಸುತ್ತವೆ. ಆಗಾಗ ಸೀಲರ್ ಬಳಿಯಬೇಕಾಗುತ್ತದೆ. ಕ್ವಾರ್ಟ್ಜ್‌ಗೆ ಸೀಲರ್ ಬೇಡ. ಕಿಟಕಿ ಚಿಕ್ಕದಾಗಿ ಮಧ್ಯಾಹ್ನವೂ ದೀಪ ಹಾಕಬೇಕಾದ ಅಪಾರ್ಟ್‌ಮೆಂಟ್ ಅಡುಗೆಮನೆಗೆ ತಿಳಿಬಣ್ಣದ ಕಟ್ಟೆ ತರುವ ಬೆಳಕು ದುಡ್ಡು ಕೊಡುವಷ್ಟು ಬೆಲೆಬಾಳುತ್ತದೆ.

2. ಕೊಳ್ಳುತ್ತಿರುವುದು ಏನೆಂದು ತಿಳಿದುಕೊಳ್ಳಿ

ಇದು ಗಣಿಯಿಂದ ಹಾಳೆಯಾಗಿ ಕೊಯ್ದು ತಂದ ಕಲ್ಲಲ್ಲ. ಬೆಣಚುಕಲ್ಲನ್ನು ಪುಡಿ ಮಾಡಿ, ತೂಕದಲ್ಲಿ ಸುಮಾರು ಶೇಕಡಾ 90ರಿಂದ 93 ಭಾಗ ಆ ಪುಡಿ, ಉಳಿದದ್ದು ಪಾಲಿಯೆಸ್ಟರ್ ರಾಳ ಮತ್ತು ಬಣ್ಣ ಸೇರಿಸಿ, ಗಾಳಿ ಹೊರತೆಗೆದು, ಅದುರಿಸಿ, ಒತ್ತಿ, ಬಿಸಿಯಲ್ಲಿ ಗಟ್ಟಿ ಮಾಡಿದ ಹಾಳೆ. ಈ ವಿಧಾನ ಇಟಲಿಯ ಬ್ರೆಟನ್ ಕಂಪನಿಯದು. ಈಗ ಭಾರತದಲ್ಲೂ ಹಲವು ಕಾರ್ಖಾನೆಗಳಲ್ಲಿ ತಯಾರಾಗುತ್ತದೆ.

ಗುಣದೋಷ ಎರಡೂ ಈ ಮಿಶ್ರಣದಿಂದಲೇ ಬರುತ್ತವೆ. ಬೆಣಚುಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 7. ಚಾಕುವಿನ ಉಕ್ಕು ಅದಕ್ಕಿಂತ ಮೆದು, ಹಾಗಾಗಿ ಕಟ್ಟೆಗೆ ಗೀರು ಬೀಳುವ ಮೊದಲು ಚಾಕು ಮೊಂಡಾಗುತ್ತದೆ. ರಾಳ ಸಂದುಗಳನ್ನೆಲ್ಲ ತುಂಬಿರುವುದರಿಂದ ನೀರು, ಎಣ್ಣೆ ಒಳಗಿಳಿಯುವುದಿಲ್ಲ. ಆದರೆ ಅದೇ ರಾಳಕ್ಕೆ ಬಿಸಿಯೂ ಬಿಸಿಲೂ ಆಗುವುದಿಲ್ಲ.

3. ಒಲೆಯ ಪಕ್ಕದ ಎರಡು ಅಡಿಯ ಬಗ್ಗೆ ಮೊದಲೇ ಯೋಚಿಸಿ

ನಮ್ಮ ಅಡುಗೆಗೆ ಅತಿ ಮುಖ್ಯವಾದ ಸೂತ್ರ ಇದು. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದ ಪಾತ್ರೆಯನ್ನು ನೇರವಾಗಿ ಇಟ್ಟರೆ ಕ್ವಾರ್ಟ್ಜ್‌ನ ರಾಳ ಕಂದಿ ಹಳದಿ ಅಥವಾ ಕಂದು ಕಲೆ ಬೀಳುತ್ತದೆ. ಒಂದೇ ಕಡೆ ಒಮ್ಮೆಗೇ ಬಿಸಿ ತಗುಲಿದರೆ ಬಿರುಕೂ ಬಿಡಬಹುದು. ಆ ಕಲೆ ಉಜ್ಜಿದರೆ ಹೋಗುವಂಥದ್ದಲ್ಲ. ಪ್ರೆಶರ್ ಕುಕ್ಕರಿನ ಒಳಗಿನ ಉಷ್ಣತೆ 120 ಡಿಗ್ರಿಯ ಆಸುಪಾಸು. ಹಪ್ಪಳ, ಬೋಂಡ ಕರಿಯುವ ಎಣ್ಣೆ 180 ಡಿಗ್ರಿ ಮುಟ್ಟುತ್ತದೆ. ದೋಸೆಯ ಹೆಂಚು, ರೊಟ್ಟಿಯ ತವೆ ಇನ್ನೂ ಮೇಲೆ ಹೋಗುತ್ತವೆ. ಹಬ್ಬದ ದಿನ ಗಡಿಬಿಡಿಯಲ್ಲಿ ಹೋಳಿಗೆ ಹೆಂಚನ್ನು ಇಳಿಸಿ ಪಕ್ಕಕ್ಕಿಡುವ ಕೈ, ಕೆಳಗಿರುವುದು ಯಾವ ಕಲ್ಲೆಂದು ನೋಡುವುದಿಲ್ಲ.

ಎರಡು ದಾರಿಗಳಿವೆ. ಒಂದು, ಸಿಂಬೆ ಅಥವಾ ಮರದ ಮಣೆಯನ್ನು ಸದಾ ಒಲೆಯ ಪಕ್ಕದಲ್ಲೇ ಇಟ್ಟಿರುವುದು. ಇನ್ನೊಂದು ನಾನು ಹೆಚ್ಚು ಒಪ್ಪುವ ದಾರಿ: ಒಲೆಯಿರುವ ಭಾಗಕ್ಕೆ ಮತ್ತು ಅದರ ಒಂದು ಪಕ್ಕಕ್ಕೆ ಕಪ್ಪು ಗ್ರಾನೈಟ್, ಉಳಿದ ಕಡೆ ತಿಳಿಬಣ್ಣದ ಕ್ವಾರ್ಟ್ಜ್. ಕ್ವಾರ್ಟ್ಜ್ ಅಷ್ಟು ಕಡಿಮೆ ಬೇಕಾಗುತ್ತದೆ, ಬಿಸಿಯ ಭಯ ಇರುವುದಿಲ್ಲ, ಎರಡು ಬಣ್ಣದ ಕಟ್ಟೆ ನೋಡಲೂ ಚೆನ್ನಾಗಿರುತ್ತದೆ. ಎರಡೂ ಕಲ್ಲುಗಳ ದಪ್ಪ ಒಂದೇ ಇರಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಇಲ್ಲವಾದರೆ ಜಾಯಿಂಟಿನಲ್ಲಿ ಮೆಟ್ಟಿಲು ನಿಲ್ಲುತ್ತದೆ.

4. ಯುಟಿಲಿಟಿಗೆ, ಬಾಲ್ಕನಿಗೆ ಬೇಡ

ವರ್ಷಗಟ್ಟಲೆ ನೇರ ಬಿಸಿಲು ಬಿದ್ದರೆ ರಾಳ ಹಳದಿಯಾಗುತ್ತದೆ. ಪಾತ್ರೆ ತೊಳೆಯುವ ಹಿತ್ತಿಲ ಕಟ್ಟೆಗೆ ಗ್ರಾನೈಟ್ ಅಥವಾ ಕಡಪ ಕಲ್ಲು ಸಾಕು.

5. ಬಿಳಿಯದೆಲ್ಲ ಕ್ವಾರ್ಟ್ಜ್ ಅಲ್ಲ

ಅಂಗಡಿಯಲ್ಲಿ ಒಂದರ ಪಕ್ಕ ಒಂದು ನಿಲ್ಲಿಸಿರುವ ಬಿಳಿ ಹಾಳೆಗಳಲ್ಲಿ ನಾನೋ ವೈಟ್ ಇರುತ್ತದೆ, ಅಕ್ರಿಲಿಕ್‌ನಿಂದ ಮಾಡಿದ ಸಾಲಿಡ್ ಸರ್ಫೇಸ್ ಇರುತ್ತದೆ, ದೊಡ್ಡ ಅಳತೆಯ ವಿಟ್ರಿಫೈಡ್ ಟೈಲ್ ಇರುತ್ತದೆ. ಪ್ರತಿಯೊಂದರ ಗುಣ ಬೇರೆ, ಬೆಲೆ ಬೇರೆ. ನಾನೋ ವೈಟ್ ಗಾಜಿನ ಜಾತಿಯದು. ಹೊಳಪು ಹೆಚ್ಚು, ಅಂಚಿಗೆ ಪೆಟ್ಟು ಬಿದ್ದರೆ ಚೂರು ಹಾರುವುದೂ ಹೆಚ್ಚು. ಸಾಲಿಡ್ ಸರ್ಫೇಸಿಗೆ ಗೀರು ಬೇಗ ಬೀಳುತ್ತದೆ, ಆದರೆ ಉಜ್ಜಿ ಸರಿಮಾಡಬಹುದು. ಟೈಲಿನಲ್ಲಿ ವಿನ್ಯಾಸ ಮೇಲ್ಮೈಗಷ್ಟೇ ಇರುವುದು ಸಾಮಾನ್ಯ. ಕತ್ತರಿಸಿದ ಅಂಚಿನಲ್ಲಿ ಬೇರೆ ಬಣ್ಣ ಕಾಣುತ್ತದೆ. ಕ್ವಾರ್ಟ್ಜ್ ಆದರೆ ಕಣಗಳೂ ಮೂಲ ಬಣ್ಣವೂ ಮೇಲಿನಿಂದ ಕೆಳಗಿನವರೆಗೆ ಇರುತ್ತವೆ. ಅಂಗಡಿಯಲ್ಲಿ ಕತ್ತರಿಸಿದ ತುಂಡೊಂದನ್ನು ಕೇಳಿ ಅದರ ಅಂಚು ನೋಡಿ. ಬಿಲ್ಲಿನಲ್ಲಿ "ಕ್ವಾರ್ಟ್ಜ್", ತಯಾರಕರ ಹೆಸರು, ಬಣ್ಣದ ಹೆಸರು, ದಪ್ಪ ಇಷ್ಟೂ ಬರೆಸಿಕೊಳ್ಳಿ.

6. ಸ್ಲ್ಯಾಬಿನ ಅಳತೆಗೆ ಅಡುಗೆಮನೆಯ ನಕ್ಷೆ ಹೊಂದಿಸಿ

ದುಡ್ಡು ಉಳಿಯುವ ದೊಡ್ಡ ಜಾಗ ಇದೇ. ಸಾಮಾನ್ಯ ಕ್ವಾರ್ಟ್ಜ್ ಸ್ಲ್ಯಾಬ್ ಸುಮಾರು 3,050 × 1,440 ಮಿ.ಮೀ. ಇರುತ್ತದೆ. ಅಂದರೆ 10 ಅಡಿ ಉದ್ದ, 4 ಅಡಿ 8 ಅಂಗುಲ ಅಗಲ, ಒಟ್ಟು 47 ಚದರ ಅಡಿಯಷ್ಟು. ಜಂಬೋ ಅಳತೆ ಸುಮಾರು 3,200 × 1,600 ಮಿ.ಮೀ.

ಒಂದು ಉದಾಹರಣೆ ನೋಡೋಣ. ಎಲ್ ಆಕಾರದ ಅಡುಗೆಮನೆ: ಒಂದು ಗೋಡೆ 10 ಅಡಿ, ಇನ್ನೊಂದು 7 ಅಡಿ, ಕಟ್ಟೆಯ ಆಳ 2 ಅಡಿ. ಮೂಲೆ ಎರಡು ಸಲ ಲೆಕ್ಕಕ್ಕೆ ಬರಬಾರದು, ಆದ್ದರಿಂದ ಎರಡನೇ ಕೈ 5 ಅಡಿ ಮಾತ್ರ. ಒಟ್ಟು 30 ಚದರ ಅಡಿ. ಸ್ಲ್ಯಾಬಿನ ಅಗಲದಲ್ಲಿ 2 ಅಡಿಯ ಎರಡು ಪಟ್ಟಿ ಸಿಗುತ್ತವೆ. ಒಂದು ಪಟ್ಟಿ ಪೂರ್ತಿ ಉದ್ದದ ಗೋಡೆಗೆ, ಇನ್ನೊಂದರಲ್ಲಿ 5 ಅಡಿ ಚಿಕ್ಕ ಗೋಡೆಗೆ. ಒಂದೇ ಸ್ಲ್ಯಾಬಿನಲ್ಲಿ ಕೆಲಸ ಮುಗಿಯಿತು. ಅಗಲದಲ್ಲಿ ಉಳಿದ ಸುಮಾರು 8 ಅಂಗುಲದ ಪಟ್ಟಿಯಲ್ಲಿ ಗೋಡೆಗೆ 4 ಅಂಗುಲದ ಸ್ಕರ್ಟಿಂಗ್ ಬರುತ್ತದೆ. ಎರಡನೇ ಪಟ್ಟಿಯಲ್ಲಿ ಮಿಕ್ಕ 5 ಅಡಿಯ ತುಂಡು ಕಿಟಕಿಯ ಅಡಿಗೆ, ಮಿಕ್ಸಿ ಇಡುವ ಶೆಲ್ಫಿಗೆ ಸಾಕು.

ಈಗ ಅದೇ ಗೋಡೆ 10 ಅಡಿ 3 ಅಂಗುಲ ಇದೆ ಎಂದುಕೊಳ್ಳಿ. ಮೂರು ಅಂಗುಲಕ್ಕಾಗಿ ಜಂಬೋ ಸ್ಲ್ಯಾಬ್ ಬೇಕೇ, ಇಲ್ಲ ಸಿಂಕಿನಿಂದ ದೂರದಲ್ಲಿ ಒಂದು ಜಾಯಿಂಟ್ ಸಾಕೇ ಎಂದು ಯೋಚಿಸಬೇಕು. ಗೋಡೆಯ ಕೊನೆಗೆ ಫ್ರಿಜ್ ಇದ್ದರೆ ಕಟ್ಟೆಯನ್ನೇ ಮೂರು ಅಂಗುಲ ಕಡಿಮೆ ಮಾಡಬಹುದು. ಕಟ್ಟೆಯ ಆಳ 30 ಅಂಗುಲ ಬೇಕೆಂದು ಹಟ ಹಿಡಿದರೆ ಸಾಮಾನ್ಯ ಸ್ಲ್ಯಾಬಿನ ಅಗಲದಲ್ಲಿ ಎರಡು ಪಟ್ಟಿ ಸಿಗುವುದಿಲ್ಲ, ಅರ್ಧ ಕಲ್ಲು ದಂಡವಾಗುತ್ತದೆ. 26 ಅಂಗುಲಕ್ಕೆ ಇಳಿದರೆ ಎರಡೂ ಪಟ್ಟಿ ಸಿಗುತ್ತವೆ. ಅಂಗಡಿಗೆ ಹೋಗುವ ಮೊದಲು ಗೆರೆ ಕಾಗದದ ಮೇಲೆ ಸ್ಲ್ಯಾಬನ್ನು ಬರೆದು, ಅದರೊಳಗೆ ನಿಮ್ಮ ಕಟ್ಟೆಯ ತುಂಡುಗಳನ್ನು ಕೂರಿಸಿ ನೋಡಿ. ಅರ್ಧ ಗಂಟೆಯ ಈ ಕೆಲಸದಿಂದ ಒಂದು ಸ್ಲ್ಯಾಬಿನ ಬೆಲೆಯೇ ಉಳಿಯಬಹುದು.

7. ಇಡೀ ಸ್ಲ್ಯಾಬಿನ ದರವೋ, ಕತ್ತರಿಸಿದಷ್ಟರ ದರವೋ?

ದರ ಹೋಲಿಸುವಾಗ ಜನ ಎಡವುವುದು ಇಲ್ಲಿ. ಲೆಕ್ಕ ತೋರಿಸುವುದಕ್ಕಷ್ಟೇ ಎರಡು ದರ ಇಟ್ಟುಕೊಳ್ಳೋಣ. ಒಬ್ಬರು ಚದರ ಅಡಿಗೆ 400 ರೂಪಾಯಿ ಎನ್ನುತ್ತಾರೆ, ಆದರೆ ಇಡೀ ಸ್ಲ್ಯಾಬ್ ಕೊಳ್ಳಬೇಕು: 47 × 400, ಅಂದರೆ 18,800. ಇನ್ನೊಬ್ಬರು 500 ರೂಪಾಯಿ ಎನ್ನುತ್ತಾರೆ, ಆದರೆ ನಿಮಗೆ ಬೇಕಾದ 30 ಚದರ ಅಡಿಗಷ್ಟೇ ಹಣ: 15,000. ನೂರು ರೂಪಾಯಿ ದುಬಾರಿ ಎಂದು ಕಂಡದ್ದೇ ಕೊನೆಗೆ 3,800 ಅಗ್ಗವಾಯಿತು. ಮಿಕ್ಕ ಕಲ್ಲನ್ನು ನಿಜವಾಗಿ ಬಳಸುವ ಜಾಗ ಮನೆಯಲ್ಲಿದ್ದರೆ ಮೊದಲನೆಯವರೇ ಸರಿ.

ಇಡೀ ಸ್ಲ್ಯಾಬಿಗೆ ಹಣ ಕೊಟ್ಟಿದ್ದರೆ ಮಿಕ್ಕ ತುಂಡುಗಳು ನಿಮ್ಮವು. ಅವನ್ನು ಮನೆಗೆ ತರಿಸಿಕೊಳ್ಳಿ. ಮುಂದೊಂದು ದಿನ ಅಂಚು ಒಡೆದರೆ ತೇಪೆ ಹಾಕಲು ಅದೇ ಬಣ್ಣದ ಕಲ್ಲು ಮತ್ತೆ ಸಿಗುವುದು ಕಷ್ಟ.

8. ಉಳಿದ ತುಂಡುಗಳನ್ನು ಕೇಳಿ

ದೊಡ್ಡ ಕೆಲಸಗಳಲ್ಲಿ ಮಿಕ್ಕ ಆರು, ಏಳು, ಎಂಟು ಅಡಿಯ ತುಂಡುಗಳು ಯಾರ್ಡಿನ ಹಿಂಬದಿಯಲ್ಲಿ ಒರಗಿಕೊಂಡಿರುತ್ತವೆ. ಒಂದೇ ಗೋಡೆಯ ಚಿಕ್ಕ ಅಡುಗೆಮನೆಗೆ, ಬಾಡಿಗೆಗೆ ಕೊಡುವ ಮನೆಗೆ ಇವು ಬಹಳ ಅನುಕೂಲ. ಬಣ್ಣದ ಆಯ್ಕೆ ಇರುವುದಿಲ್ಲ, ಚೌಕಾಸಿಗೆ ಅವಕಾಶ ಇರುತ್ತದೆ. ಎರಡು ತುಂಡು ಬೇಕಾದರೆ ಎರಡೂ ಒಂದೇ ಸ್ಲ್ಯಾಬಿನವೇ ಎಂದು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ; ಒಂದೇ ಹೆಸರಿನ ಬಣ್ಣವೂ ಬ್ಯಾಚಿನಿಂದ ಬ್ಯಾಚಿಗೆ ತುಸು ಬದಲಾಗುತ್ತದೆ. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲದೆ ಕೆಲಸಗಾರರು ಬಿಡುವಾಗಿರುತ್ತಾರೆ. ಹಳೆಯ ಮನೆಯ ರಿಪೇರಿಗೆ ಮುಹೂರ್ತ ನೋಡದವರು ಆಗ ದರ ಮಾತಾಡಬಹುದು.

9. ದಪ್ಪದಲ್ಲಿ ಜಿಪುಣತನವೂ ಬೇಡ, ದುಂದೂ ಬೇಡ

ನಮ್ಮ ಮಾರುಕಟ್ಟೆಯಲ್ಲಿ 15ರಿಂದ 20 ಮಿ.ಮೀ. ದಪ್ಪದ ಹಾಳೆಗಳು ಹೆಚ್ಚು, 30 ಮಿ.ಮೀ. ಕೂಡ ಸಿಗುತ್ತದೆ. ಇಟ್ಟಿಗೆ, ಕಾಂಕ್ರೀಟಿನ ಕಟ್ಟೆಯ ಮೇಲೆ ಪೂರ್ತಿ ಅಂಟಿಸಿ ಕೂರಿಸುವುದಾದರೆ 15 ಸಾಕು. ಮಾಡ್ಯುಲರ್ ಕ್ಯಾಬಿನೆಟ್ ಮೇಲೆ ಕೂರುವುದಾದರೆ 18 ಅಥವಾ 20 ಇರಲಿ. 30ಕ್ಕೆ ಹಣ ಸುರಿಯುವ ಅಗತ್ಯ ಮನೆಯ ಅಡುಗೆಗೆ ಇಲ್ಲ.

20 ಮಿ.ಮೀ. ಕ್ವಾರ್ಟ್ಜ್ ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. 30 ಚದರ ಅಡಿಯ ಕಟ್ಟೆ ಎಂದರೆ 135 ಕಿಲೋ. ಹಳೆಯ ಪ್ಲೈವುಡ್ ಕ್ಯಾಬಿನೆಟ್ ಸಿಂಕಿನ ಕೆಳಗೆ ನೀರು ಕುಡಿದು ಉಬ್ಬಿದ್ದರೆ ಅದನ್ನು ಮೊದಲು ಬದಲಿಸಿ. ತಿಂಡಿ ತಿನ್ನಲು ಕಟ್ಟೆಯನ್ನು ಮುಂದಕ್ಕೆ ಚಾಚುವ ಆಸೆ ಇದ್ದರೆ, ಏಳೆಂಟು ಅಂಗುಲ ದಾಟಿದ ಮೇಲೆ ಕೆಳಗೆ ಕಬ್ಬಿಣದ ಬ್ರಾಕೆಟ್ ಇರಲೇಬೇಕು.

10. ಬಣ್ಣ: ಸಣ್ಣ ಚುಕ್ಕೆಯ ತಿಳಿಬೂದು, ಇಲ್ಲವೇ ಮಾಸಲು ಕೆನೆ

ಉದ್ದುದ್ದ ನರಗಳಿರುವ, ಅಮೃತಶಿಲೆಯಂತೆ ಕಾಣುವ ಬಿಳಿ ಸ್ಲ್ಯಾಬುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅವು ದುಬಾರಿ, ಅದಕ್ಕಿಂತ ಮುಖ್ಯವಾಗಿ, ಜಾಯಿಂಟಿನಲ್ಲಿ ನರಕ್ಕೆ ನರ ಕೂಡಿಸಲು ಹೋದರೆ ಕಲ್ಲು ಬಹಳ ವ್ಯರ್ಥವಾಗುತ್ತದೆ. ಕೂಡಿಸದಿದ್ದರೆ ಮೂಲೆಯಲ್ಲಿ ಗೆರೆ ತುಂಡಾಗಿ ಕಣ್ಣಿಗೆ ಚುಚ್ಚುತ್ತದೆ. ಸಣ್ಣ ಕಣಗಳ, ಚುಕ್ಕೆಚುಕ್ಕೆಯ ಬಣ್ಣಗಳಲ್ಲಿ ಜಾಯಿಂಟ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಸ್ಲ್ಯಾಬನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಿ ಕತ್ತರಿಸಬಹುದು. ಸಾಮಾನ್ಯವಾಗಿ ಕಡಿಮೆ ದರದ ಸಾಲಿನಲ್ಲಿ ಇರುವುದೂ ಇವೇ.

ಅಚ್ಚ ಬಿಳಿಯಲ್ಲಿ ಅರಿಶಿನ, ಕಾಫಿ ಡಿಕಾಕ್ಷನ್ ಚೆಲ್ಲಿದ್ದು ದೂರದಿಂದಲೇ ಕಾಣುತ್ತದೆ. ಅಚ್ಚ ಕಪ್ಪಿನಲ್ಲಿ ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಬಿಳಿ ಕಲೆ, ರಾಗಿ ಹಿಟ್ಟು, ಬೆರಳಚ್ಚು ಎಲ್ಲವೂ ಎದ್ದು ಕಾಣುತ್ತವೆ. ನಡುವಿನ ಬಣ್ಣಗಳೇ ದಿನಬಳಕೆಗೆ ಹಿತ.

11. ತುಂಡನ್ನು ಮನೆಗೆ ತಂದು ಪರೀಕ್ಷಿಸಿ

ಅಂಗೈ ಅಗಲದ ಮಾದರಿ ತುಂಡು ಕೊಡಲು ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ. ಅರಿಶಿನ ಕಲಸಿದ ಎಣ್ಣೆ, ಹುಣಸೆರಸ, ಬೀಟ್‌ರೂಟ್ ರಸ, ಕಾಫಿ ಡಿಕಾಕ್ಷನ್ ಒಂದೊಂದು ತೊಟ್ಟು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆಯಿರಿ. ಒಳ್ಳೆಯ ಕ್ವಾರ್ಟ್ಜ್‌ನಲ್ಲಿ ಹುಣಸೆ, ಕಾಫಿಯ ಗುರುತೂ ಉಳಿಯಬಾರದು. ಅರಿಶಿನದ ತೆಳು ಛಾಯೆ ಉಳಿದರೆ ಅಡುಗೆ ಸೋಡಾದ ಲೇಪಕ್ಕೆ ಬಿಡಬೇಕು. ಬಿಡದಿದ್ದರೆ ಆ ಬಣ್ಣವೋ ಆ ತಯಾರಿಕೆಯೋ ನಿಮ್ಮ ಅಡುಗೆಮನೆಗೆ ಸಲ್ಲದು.

ಮಾದರಿಯನ್ನು ನಿಮ್ಮ ಅಡುಗೆಮನೆಯ ಬೆಳಕಿನಲ್ಲೇ, ಕ್ಯಾಬಿನೆಟ್ ಬಾಗಿಲಿನ ಪಕ್ಕದಲ್ಲೇ ಇಟ್ಟು ನೋಡಿ. ಅಂಗಡಿಯ ಪ್ರಖರ ದೀಪದ ಕೆಳಗೆ ಕೆನೆಯಾಗಿ ಕಂಡದ್ದು ಮನೆಯಲ್ಲಿ ಹಳದಿಯಾಗಿ ಕಾಣಬಹುದು. ಆಮೇಲೆ ಯಾರ್ಡಿಗೆ ಹೋಗಿ ನಿಮಗೆ ಬರಲಿರುವ ಸ್ಲ್ಯಾಬನ್ನೇ ನೋಡಿ: ಎಲ್ಲ ಕಡೆ ದಪ್ಪ ಒಂದೇ ಇದೆಯೇ, ರಾಳ ಒಂದೇ ಕಡೆ ಮಡುಗಟ್ಟಿದ ಕಲೆಗಳಿವೆಯೇ, ಪಕ್ಕದಿಂದ ನೋಡಿದರೆ ಹೊಳಪು ಸಮನಾಗಿದೆಯೇ, ಹಾಳೆ ಬಾಗಿದೆಯೇ.

12. ಅಂಚು ಸರಳವಾಗಿರಲಿ, ತುಸು ದುಂಡಗಿರಲಿ

ಅಂಚಿನ ಕೆಲಸಕ್ಕೆ ರನ್ನಿಂಗ್ ಅಡಿ ಲೆಕ್ಕದಲ್ಲಿ ಬೇರೆ ಹಣ. ಎರಡು ಹಾಳೆ ಅಂಟಿಸಿ ದಪ್ಪ ತೋರಿಸುವ ಅಂಚು, ಅಲೆಅಲೆಯ ಕೆತ್ತನೆ, 45 ಡಿಗ್ರಿಗೆ ಕೊಯ್ದು ಕೂಡಿಸಿದ ಅಂಚು ಇವೆಲ್ಲ ಖರ್ಚನ್ನು ಹೆಚ್ಚಿಸುತ್ತವೆ. ನೇರ ಅಂಚಿಗೆ ಮೇಲೆ ಕೆಳಗೆ ಸಣ್ಣ ದುಂಡು ಕೊಡಿಸಿದರೆ ಸಾಕು. ಚೂಪಾಗಿ ಬಿಟ್ಟರೆ ಕುಕ್ಕರಿನ ತಳ ತಾಗಿದಾಗ ಚಕ್ಕೆ ಏಳುತ್ತದೆ. ಕಟ್ಟೆಯ ಅಂಚಿಗೆ ತೆಂಗಿನಕಾಯಿ ಕುಟ್ಟುವ ರೂಢಿ ಇರುವ ಮನೆಗಳಲ್ಲಿ ಅದನ್ನು ನಿಲ್ಲಿಸಬೇಕು; ಗ್ರಾನೈಟ್ ತಡೆದುಕೊಂಡದ್ದನ್ನೆಲ್ಲ ತೆಳು ಕ್ವಾರ್ಟ್ಜ್ ಅಂಚು ತಡೆಯಲಾರದು. ಮುಂಭಾಗದ ಅಂಚಿನ ಕೆಳಗೆ ನೀರು ತೊಟ್ಟಿಕ್ಕಿ ಬೀಳಲು ಸಣ್ಣ ತೋಡು ಕೊಯ್ಯಿಸಿ. ಖರ್ಚು ಅತ್ಯಲ್ಪ, ಕ್ಯಾಬಿನೆಟ್ ಬಾಗಿಲುಗಳ ಆಯುಷ್ಯ ಹೆಚ್ಚುತ್ತದೆ.

13. ಸಿಂಕ್, ಹಾಬ್ ಮೊದಲು ಮನೆಗೆ ಬರಲಿ

ರಂಧ್ರದ ಅಳತೆಯನ್ನು ಕ್ಯಾಟಲಾಗಿನಿಂದ ಕೊಡಬೇಡಿ. ಸಿಂಕ್, ನಲ್ಲಿ, ಹಾಬ್ ಮೂರನ್ನೂ ತಂದಿಟ್ಟು ಅಳತೆ ತೆಗೆಸಿ. ಕಟ್ಟೆಯ ಕೆಳಗೆ ಕೂರುವ ಸಿಂಕಿಗೆ ಒಳ ಅಂಚನ್ನೂ ಪಾಲಿಶ್ ಮಾಡಬೇಕು, ಅದಕ್ಕೆ ಹೆಚ್ಚು ಹಣ. ಮೇಲಿನಿಂದ ಇಳಿಸುವ ಸಿಂಕಿಗೆ ಅದು ಬೇಡ. ಆದರೆ ನೀರು, ಮುಸುರೆಯನ್ನು ನೇರವಾಗಿ ಸಿಂಕಿಗೆ ಒರೆಸಿಬಿಡುವ ಅನುಕೂಲ ಮೊದಲನೆಯದರಲ್ಲೇ ಇರುವುದು. ಎಲ್ಲಾದರೂ ಒಂದು ಕಡೆ ಕೈ ಬಿಚ್ಚಬಹುದಾದರೆ ಇಲ್ಲಿ ಬಿಚ್ಚಿ.

ರಂಧ್ರದ ನಾಲ್ಕು ಮೂಲೆಗಳೂ ದುಂಡಗಿರಬೇಕು ಎಂದು ಮೇಸ್ತ್ರಿಗೆ ಒತ್ತಿ ಹೇಳಿ. ಕ್ವಾರ್ಟ್ಜ್ ಬಿರುಕು ಬಿಡುವುದು ಹೆಚ್ಚಾಗಿ ಚೌಕ ಮೂಲೆಗಳಿಂದಲೇ. ಸಿಂಕಿನ ಮುಂದೆ, ಹಿಂದೆ ಉಳಿಯುವ ಕಿರುಪಟ್ಟಿಗೆ ಕೆಳಗಿನಿಂದ ಆಧಾರ ಕೊಡಿಸಿ. ಹಾಬಿನ ಸುತ್ತ ಕಲ್ಲು ಹಿಗ್ಗಲು ಕೆಲವು ಮಿ.ಮೀ. ಸಂದು ಬಿಡಿಸಿ. ಜಾಯಿಂಟ್ ಸಿಂಕಿನ ಮೇಲೂ ಬೇಡ, ಒಲೆಯ ಪಕ್ಕವೂ ಬೇಡ.

14. ಹಳೆಯ ಗ್ರಾನೈಟ್ ಕಿತ್ತು ಹಾಕುವ ಮೊದಲು ತಟ್ಟಿ ನೋಡಿ

ಹಳೆಯ ಕಟ್ಟೆ ಭದ್ರವಾಗಿದ್ದರೆ ಅದರ ಮೇಲೆಯೇ 12 ಅಥವಾ 15 ಮಿ.ಮೀ. ಕ್ವಾರ್ಟ್ಜ್ ಅಂಟಿಸಬಹುದು. ಒಡೆಯುವ ಕೂಲಿ, ಅವಶೇಷ ಸಾಗಿಸುವ ಖರ್ಚು, ಕಟ್ಟೆಯ ಕೆಳಗಿನ ಕ್ಯಾಬಿನೆಟ್ ಬಿಚ್ಚಿ ಜೋಡಿಸುವ ಕೂಲಿ ಎಲ್ಲ ಉಳಿಯುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ನೆಮ್ಮದಿಯೂ ಉಳಿಯುತ್ತದೆ. ಆದರೆ ಇದು ಎಲ್ಲ ಮನೆಗೂ ಒಗ್ಗುವುದಿಲ್ಲ.

ಮೊದಲು ಕಟ್ಟೆಯನ್ನು ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಕೆಳಗಿನ ಗಾರೆ ಬಿಟ್ಟಿದೆ ಎಂದರ್ಥ. ಅಂಥ ಕಲ್ಲಿನ ಮೇಲೆ ಹೊಸದನ್ನು ಕೂರಿಸಬಾರದು. ಹಳೆಯ ಕಟ್ಟೆಗಳಲ್ಲಿ ನೀರು ಹೊರಗೆ ಹರಿಯದಿರಲೆಂದು ಅಂಚಿಗೆ ಎತ್ತರಿಸಿದ ಪಟ್ಟಿ ಇರುತ್ತದೆ, ಅದನ್ನು ತೆಗೆಯಬೇಕು. ವರ್ಷಗಳ ಎಣ್ಣೆಜಿಡ್ಡನ್ನು ಪೂರ್ತಿ ತೊಳೆದು, ಹೊಳಪನ್ನು ಉಜ್ಜಿ ಒರಟು ಮಾಡದಿದ್ದರೆ ಅಂಟು ಹಿಡಿಯುವುದಿಲ್ಲ. ಸಿಂಕನ್ನು ಹೊಸ ಮಟ್ಟಕ್ಕೆ ಎತ್ತಬೇಕು, ಗೋಡೆಯ ಪ್ಲಗ್ ಪಾಯಿಂಟಿಗೂ ಕಟ್ಟೆಗೂ ಇರುವ ಅಂತರ ನೋಡಬೇಕು, ಗ್ಯಾಸ್ ಪೈಪಿನ ರಂಧ್ರ ಹೊಸ ಕಲ್ಲಿನಲ್ಲೂ ಅಲ್ಲೇ ಬರಬೇಕು.

ಎತ್ತರದ ಮಾತು ಇನ್ನೂ ಮುಖ್ಯ. ಅಂಟು ಸೇರಿ ಕಟ್ಟೆ ಮುಕ್ಕಾಲು ಅಂಗುಲದಷ್ಟು ಏರುತ್ತದೆ. ಹೆಚ್ಚು ಹೊತ್ತು ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ ಕಟ್ಟೆ ಇದ್ದರೆ ಭುಜ, ಬೆನ್ನು ನೋಯುವುದಿಲ್ಲ. ಚಪಾತಿ ಲಟ್ಟಿಸುವ, ಮುದ್ದೆ ತಿರುವುವ ಕೈಗೆ ಮೇಲಿನಿಂದ ಒತ್ತಲು ಜಾಗ ಬೇಕು. ಈಗಾಗಲೇ ಕಟ್ಟೆ ಎತ್ತರವೆನಿಸುವ ಮನೆಯಲ್ಲಿ ಮೇಲೊಂದು ಕಲ್ಲು ಹೊದಿಸುವುದು ಅಡುಗೆ ಮಾಡುವವರಿಗೆ ಮಾಡುವ ಅನ್ಯಾಯ. ಆಗ ಒಡೆದು ಹೊಸದಾಗಿ ಕೂರಿಸಿ. ತೆಗೆದ ಗ್ರಾನೈಟ್ ಇಡಿಯಾಗಿ ಬಂದರೆ ಯುಟಿಲಿಟಿಗೆ, ಮೆಟ್ಟಿಲಿಗೆ, ತುಳಸಿಕಟ್ಟೆಗೆ ಆದೀತು.

15. ಎಲ್ಲವೂ ಒಂದೇ ಕಾಗದದಲ್ಲಿ ಬರಲಿ

ಮೂರು ಕಡೆ ಕೊಟೇಶನ್ ಕೇಳಿ. ಮೂವರಿಗೂ ಒಂದೇ ನಕ್ಷೆ, ಒಂದೇ ದಪ್ಪ, ಒಂದೇ ಅಂಚು ಹೇಳಿ. ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಕಲ್ಲು, ವ್ಯರ್ಥದ ಲೆಕ್ಕ, ಅಂಚಿನ ಪಾಲಿಶ್, ರಂಧ್ರಗಳು, ಜಾಯಿಂಟಿನ ಎಪಾಕ್ಸಿ, ಸ್ಕರ್ಟಿಂಗ್, ಸಾಗಣೆ, ಮಹಡಿಗೆ ಹೊರುವ ಕೂಲಿ, ಕೂರಿಸುವುದು, ಜಿಎಸ್‌ಟಿ ಇವಿಷ್ಟೂ ಬೇರೆಬೇರೆ ಸಾಲಿನಲ್ಲಿ ಇರಬೇಕು. ಸ್ಲ್ಯಾಬ್ ಲಿಫ್ಟಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಮಹಡಿಯ ಕೂಲಿ ಕೊನೆಯ ದಿನ ಜಗಳಕ್ಕೆ ಕಾರಣವಾಗುತ್ತದೆ, ಮೊದಲೇ ಮಾತಾಡಿ. ಸಾಗಿಸುವಾಗ ಒಡೆದರೆ ಯಾರ ಹೊಣೆ ಎಂದೂ ಬರೆಸಿ.

ಹತ್ತು ಹದಿನೈದು ವರ್ಷದ ವಾರಂಟಿ ಎಂಬ ಮಾತಿಗೆ ಮರುಳಾಗಬೇಡಿ. ಅದು ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿಸಿಯ ಕಲೆ, ಅಂಚಿನ ಚಕ್ಕೆ, ಕೂರಿಸುವಾಗಿನ ತಪ್ಪು ಅದರಲ್ಲಿ ಬರುವುದಿಲ್ಲ. ಕೂರಿಸಿದ ಮೇಲೆ ಕೆಲವು ತಿಂಗಳ ಜವಾಬ್ದಾರಿಯನ್ನು ಕೆಲಸ ಮಾಡಿದವರಿಂದಲೇ ಬರೆಸಿಕೊಳ್ಳುವುದು ಹೆಚ್ಚು ಪ್ರಯೋಜನ. ಕಡೆಯ ಕಂತನ್ನು ಮಟ್ಟಗೋಲು ಇಟ್ಟು ನೋಡಿ, ಜಾಯಿಂಟಿನ ಮೇಲೆ ಉಗುರು ಎಳೆದು ನೋಡಿ, ಸಿಂಕಿಗೆ ನೀರು ಬಿಟ್ಟು ನೋಡಿದ ಮೇಲೆ ಕೊಡಿ.

ಇಷ್ಟೆಲ್ಲ ಮುಗಿದು ಕಟ್ಟೆ ಬಳಕೆಗೆ ಬಂದ ಮೇಲೆ ದಿನದ ನಿಗಾ ಸುಲಭ: ಪಾತ್ರೆಯ ಸಾಬೂನು, ಮೆತ್ತನೆಯ ಬಟ್ಟೆ. ಬಚ್ಚಲು ತೊಳೆಯುವ ಆಸಿಡ್, ಬ್ಲೀಚ್, ಪೈಪ್ ಕಟ್ಟಿಕೊಂಡಾಗ ಸುರಿಯುವ ಪುಡಿ ಇವು ಕಟ್ಟೆಗೆ ತಾಗಬಾರದು. ತಾಗಿದರೆ ಹೊಳಪು ಹೋಗುತ್ತದೆ.

16. ಕಲ್ಲು ಕೊಯ್ಯುವವರ ಉಸಿರಿಗೂ ದುಡ್ಡು ಕೊಡಿ

ಗ್ರಾನೈಟಿನಲ್ಲಿ ಸ್ಫಟಿಕ ಸಿಲಿಕಾ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಕ್ವಾರ್ಟ್ಜ್ ಹಾಳೆಯಲ್ಲಿ ಅದು ಶೇಕಡಾ 90 ಮುಟ್ಟುತ್ತದೆ, ಮೀರುವುದೂ ಉಂಟು. ನೀರಿಲ್ಲದೆ ಕೊಯ್ದಾಗ ಏಳುವ ಬಿಳಿ ದೂಳಿನ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಉಳಿಯುತ್ತವೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧಿ ಇಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ಕಾಯಿಲೆ 1940ರ ದಶಕದಷ್ಟು ಹಿಂದೆಯೇ ದಾಖಲಾಗಿತ್ತು. ನಮಗಿದು ಹೊಸ ಹೆಸರಲ್ಲ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾಗಿದ್ದ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಇತ್ತು. ಆಸ್ಟ್ರೇಲಿಯಾದಲ್ಲಿ ಅಡುಗೆಮನೆಯ ಕಟ್ಟೆ ಕೊಯ್ಯುತ್ತಿದ್ದ ಯುವಕರಲ್ಲಿ ಸಿಲಿಕೋಸಿಸ್ ಹೆಚ್ಚಾಗಿ, ಆ ದೇಶ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲಿನ ತಯಾರಿಕೆ, ಮಾರಾಟ, ಕೂರಿಸುವಿಕೆಯನ್ನೇ ನಿಷೇಧಿಸಿತು.

ಕೂರಿಸಿದ ಕಟ್ಟೆಯಿಂದ ಮನೆಯವರಿಗೆ ಅಪಾಯವಿಲ್ಲ. ಅಪಾಯವಿರುವುದು ಕೊಯ್ಯುವ, ಉಜ್ಜುವ ಹುಡುಗರಿಗೆ. ಬಟ್ಟೆ ಸುತ್ತಿಕೊಂಡ ಮೂಗು ಈ ದೂಳನ್ನು ತಡೆಯುವುದಿಲ್ಲ. ಆದ್ದರಿಂದ ಕೊಟೇಶನ್ನಿನಲ್ಲಿ ಇನ್ನೊಂದು ಸಾಲು ಬರೆಸಿ: ಎಲ್ಲ ಕಟಿಂಗ್, ರಂಧ್ರ, ಅಂಚಿನ ಕೆಲಸ ಯಾರ್ಡಿನಲ್ಲೇ, ನೀರು ಹಾಯಿಸುವ ಯಂತ್ರದಲ್ಲೇ ಆಗಬೇಕು. ಅಳತೆಯನ್ನು ಪ್ಲೈವುಡ್ ಅಥವಾ ರಟ್ಟಿನ ಅಚ್ಚು ಮಾಡಿಸಿ ಕೊಟ್ಟರೆ ಮನೆಯಲ್ಲಿ ಕೊಯ್ಯುವ ಪ್ರಮೇಯ ಬಹುತೇಕ ಬರುವುದಿಲ್ಲ. ಸ್ವಲ್ಪ ಉಜ್ಜುವುದು ಉಳಿದರೂ ನೀರು ಹಾಕಿಯೇ ಉಜ್ಜಲಿ, ಎನ್-95 ಮಾಸ್ಕ್ ನೀವೇ ತಂದಿಟ್ಟಿರಿ. ಇದಕ್ಕೆ ಒಂದೆರಡು ಸಾವಿರ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ. ಅಳತೆ ತೆಗೆಯಲು ಬಂದ ದಿನವೇ ಈ ಮಾತು ಹೇಳಿಬಿಡಿ. ಸ್ಲ್ಯಾಬ್ ಮನೆ ಬಾಗಿಲಿಗೆ ಬಂದ ಮೇಲೆ ಹೇಳಿದರೆ ಕೊಯ್ಯುವುದು ನಿಮ್ಮ ಅಂಗಳದಲ್ಲೇ, ನೀರಿಲ್ಲದೆಯೇ ನಡೆಯುತ್ತದೆ.